ಹಳೆಯ ಮನೆಗೆ ಹೊಸ ಕೋಣೆ



ಕಬ್ಬಿನ ಬಿಲ್ಲು ಕೈಸೇರಿದೊಡನೆ ಅನೇಕರು ಮನೆಗೆ ಕೋಣೆ ಕೂಡಿಸುತ್ತಾರೆ. ನಮ್ಮ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಹಳೆಯ ಪಾಯ ಇಳಿದು ನೆಲೆಗೊಂಡಿರುತ್ತದೆ. ಹೊಸದು ಇನ್ನು ಇಳಿಯಬೇಕು. ಎರಡೂ ಗೋಡೆಗಳನ್ನು ಬೆಸೆದರೆ ಕೂಡಿದಲ್ಲಿಯೇ ಬಿರುಕು ಬೀಳುತ್ತದೆ. ಆದ್ದರಿಂದ ಹೊಸ ಗೋಡೆಯನ್ನು ಬೇರೆಯಾಗಿಯೇ ಕಟ್ಟಿಸಿ, ನಡುವೆ ಒಂದು ಇಂಚು ಸಂದು ಬಿಡಿಸಿರಿ. ಮೇಲಿನಿಂದ ನೀರಿಳಿಯದಂತೆ ಮುಚ್ಚಿಸಿರಿ. ಪಾಯ ಗಟ್ಟಿ ಗರಸಿಗೆ ಮುಟ್ಟಲಿ. ಹಳೆಯ ಪಾಯಕ್ಕಿಂತ ಕೆಳಗೆ ಅಗೆಯಬೇಕಾದರೆ ಮೊದಲು ಇಂಜಿನಿಯರರನ್ನು ಕೇಳಿರಿ. ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರು ಹೊಡೆಯಿರಿ.

ಇನ್ನೊಂದು ಮಾತು. ಕುಳೆಯ ಗೊಬ್ಬರದ ಹಣ ತೆಗೆದಿಟ್ಟೇ ಗೌಂಡಿಯನ್ನು ಕರೆಯಿರಿ. ಹಣ ಸಾಲದಿದ್ದರೆ ಈ ವರ್ಷ ಗೋಡೆ, ಛಾವಣಿ. ಬರುವ ವರ್ಷ ಗಿಲಾವು, ಫರಸಿ. ಕುಳೆ ಸೊರಗಿದರೆ ಮುಂದಿನ ಬಿಲ್ಲೂ ಸೊರಗುತ್ತದೆ.