ಜಪಾನೀಯರ ‘ಚೊತ್ತೊ’, ನಮ್ಮ ‘ಸ್ವಲ್ಪ’

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಸಮೀಪವಾಗಿ ಸಿಂಗಸಂದ್ರವಿದೆ. 2025ನೆಯ ಆಗಸ್ಟಿನಲ್ಲಿ ಮೆಟ್ರೋ ರೈಲಿನ ಹಳದಿ ಮಾರ್ಗವು ತೆರೆದಂದಿನಿಂದ ಅಲ್ಲಿ ಒಂದು ನಿಲ್ದಾಣವೂ ಉಂಟು. ಇಂತಹ ಊರುಗಳ ಮನೆಗಳಲ್ಲಿ ಜಪಾನೀ ಭಾಷೆಯನ್ನು ಅಭ್ಯಾಸಮಾಡುವ ತರುಣತರುಣಿಯರಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು 1999ರಿಂದ ಮೋಟಾರು ವಾಹನಗಳನ್ನು ತಯಾರಿಸುತ್ತಿದೆ. ಜಪಾನಿನೊಡನೆ ವ್ಯವಹರಿಸತಕ್ಕ ಕಚೇರಿಗಳೂ ನಗರದಲ್ಲಿ ಹಲವಿವೆ. ಈ ಭಾಷೆಯನ್ನು ಕಲಿಯುವವರಿಗೆ ಮೊದಲ ಪಾಠಗಳಲ್ಲಿಯೇ ಎದುರಾಗುವ ‘ಚೊತ್ತೊ’ ಎಂಬ ಕ್ರಿಯಾವಿಶೇಷಣವನ್ನು ಕುರಿತು ವಾಚಕರೊಡನೆ ಕೆಲವು ಮಾತುಗಳನ್ನಾಡಲು ಇಚ್ಛಿಸುತ್ತೇವೆ. ಪದವು ಚಿಕ್ಕದಾದರೂ ಅದನ್ನು ತಪ್ಪಾಗಿ ತಿಳಿದರೆ ಆಗುವ ನಷ್ಟವು ಚಿಕ್ಕದಲ್ಲ.

ನಿಘಂಟಿನಲ್ಲಿ ಇದಕ್ಕೆ ‘ಸ್ವಲ್ಪ’ ಎಂಬುದೇ ಅರ್ಥ. ಹಿಂದಿನವರು ಇದನ್ನು ‘ಒಂದು ಸುನ್’ ಎಂಬ ಅರ್ಥದ ಎರಡು ಚೀನೀ ಅಕ್ಷರಗಳಿಂದ ಬರೆಯುತ್ತಿದ್ದುದುಂಟು. ಸುನ್ ಎಂಬುದು ಜಪಾನೀಯರ ಹಳೆಯ ಅಳತೆ. ಸುಮಾರು 3 ಸೆಂಟಿಮೀಟರು. ‘ಚೊತ್ತೊ ಮತ್ತೆ ಕುದಸೈ’ ಎಂದರೆ ‘ಸ್ವಲ್ಪ ತಾಳಿರಿ’. ‘ಚೊತ್ತೊ ಮಿಸೆತೆ ಕುದಸೈ’ ಎಂದರೆ ‘ಸ್ವಲ್ಪ ತೋರಿಸಿ’. ಹೀಗೆಂದವರು ವಸ್ತುವಿನ ಕಾಲುಭಾಗವನ್ನು ಮಾತ್ರ ತೋರಿಸೆಂದು ಕೇಳುವುದಿಲ್ಲ. ಆಜ್ಞೆಯ ಮೊನಚನ್ನು ತಗ್ಗಿಸುವುದೇ ಅಲ್ಲಿ ಆ ಪದದ ಕೆಲಸ. ‘ಸ್ವಲ್ಪ ಬಾಗಿಲು ಹಾಕಪ್ಪ’ ಎನ್ನುವ ನಮ್ಮ ಅಜ್ಜಿಯರೂ ಬಾಗಿಲು ಪೂರ್ಣವಾಗಿ ಮುಚ್ಚಬೇಕೆಂದೇ ಬಯಸುತ್ತಾರಲ್ಲವೆ?

‘ಎಲ್ಲಿಗೆ ಹೊರಟಿರಿ?’ ಎಂದು ನೆರೆಯವರು ಕೇಳಿದರೆ ಜಪಾನೀಯರು ‘ಚೊತ್ತೊ ಸೊಕೊ ಮದೆ’, ಎಂದರೆ ‘ಸ್ವಲ್ಪ ಅಲ್ಲಿಯವರೆಗೆ’ ಎನ್ನುವರು. ‘ಇಲ್ಲೇ ಸ್ವಲ್ಪ ಹೊರಗೆ’ ಎಂಬ ನಮ್ಮವರ ಉತ್ತರವೂ ಇದೇ. ಕೇಳಿದವರಿಗೆ ಸ್ಥಳದ ಹೆಸರು ಬೇಕಿರುವುದಿಲ್ಲ, ಅದು ಕುಶಲಪ್ರಶ್ನೆಯಷ್ಟೆ.

ಇಷ್ಟರವರೆಗೆ ತೊಡಕಿಲ್ಲ. ನಿರಾಕರಣೆಯ ಸಂದರ್ಭದಲ್ಲಿ ಮಾತ್ರ ಎಚ್ಚರವಿರಬೇಕು. ಆಹ್ವಾನಕ್ಕೆ ಉತ್ತರವಾಗಿ ‘ಅಶಿತ ವ ಚೊತ್ತೊ…’, ‘ನಾಳೆ ಸ್ವಲ್ಪ…’ ಎಂದು ನಿಲ್ಲಿಸಿದರೆ ಬರಲಾಗದೆಂದೇ ತಾತ್ಪರ್ಯ. ಕಾರಣವನ್ನು ಕೆದಕುವುದು ಮರ್ಯಾದೆಯಲ್ಲ. ವ್ಯಾಪಾರದ ಮಾತುಕತೆಯಲ್ಲಿ ‘ಚೊತ್ತೊ ಮುಜುಕಶೀ’, ಅಂದರೆ ‘ಸ್ವಲ್ಪ ಕಷ್ಟ’ ಎಂಬುದಕ್ಕೆ ಬಹುವೇಳೆ ‘ಆಗದು’ ಎಂದೇ ಅರ್ಥ. ಅಕ್ಷರಾರ್ಥವನ್ನೇ ನಂಬಿದವನು ಇನ್ನು ಅಲ್ಪ ತೊಂದರೆ ಮಾತ್ರ ಉಳಿದಿದೆಯೆಂದು ಭಾವಿಸಿ, ಸಾಮಗ್ರಿ ಕೊಂಡು, ಕೆಲಸವನ್ನು ಆರಂಭಿಸಿ ಬಿಡಬಹುದು!

ಗೃಹಸ್ಥರಿಗೆ ಈ ರೀತಿ ಹೊಸದೇನಲ್ಲ. ಹೆಣ್ಣು ನೋಡಿ ಹೋದವರು ‘ಸ್ವಲ್ಪ ಯೋಚಿಸಿ ತಿಳಿಸುತ್ತೇವೆ’ ಎಂದರೆ ಮನೆಯ ಹಿರಿಯರು ಮುಹೂರ್ತವನ್ನು ಹುಡುಕಹೋಗುವುದಿಲ್ಲ. ಆದರೆ ಒಂದು ಭೇದವುಂಟು. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುವುದು ಬೆಂಗಳೂರಿನ ರೂಢಿ. ಇಲ್ಲಿ ‘ಸ್ವಲ್ಪ’ವು ಎದುರಿನವರನ್ನು ಒಪ್ಪಿಸುವ ಸಾಧನ. ಆದಕಾರಣ ‘ಸ್ವಲ್ಪ ಕಷ್ಟ’ವೆಂಬುದನ್ನು ಕೇಳಿದ ನಮ್ಮವರು ಮತ್ತೊಮ್ಮೆ ಒತ್ತಾಯಿಸಿದರೆ ಕಾರ್ಯವಾದೀತೆಂದು ಎಣಿಸುವರು. ಜಪಾನೀಯರಿಗಾದರೋ ಅಂತಹ ಒತ್ತಾಯವು ಅಸಮಾಧಾನಕ್ಕೆ ಕಾರಣವಾಗುತ್ತದೆ.

ಇನ್ನೊಂದು ಮಾತು. ಗ್ರಾಹಕರನ್ನೂ ಹಿರಿಯರನ್ನೂ ಕಾಯಹೇಳುವಾಗ ‘ಚೊತ್ತೊ’ ಸಾಲದು; ‘ಶೋಶೋ ಒಮಚಿ ಕುದಸೈ’ ಎನ್ನುವುದು ಯೋಗ್ಯ. ‘ಚೊತ್ತೊ!’ ಎಂದು ಕೂಗಿ ಕರೆಯುವುದು ಸಲಿಗೆಯವರಲ್ಲಿ ಮಾತ್ರ ಸಲ್ಲುತ್ತದೆ.

ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುವುದು ಜಪಾನೀ ಭಾಷೆಗೂ ಕನ್ನಡಕ್ಕೂ ಸಮಾನವಾದ ಕ್ರಮ. ಆದ್ದರಿಂದ ಮಕ್ಕಳು ಈ ಭಾಷೆಯನ್ನು ಇಂಗ್ಲಿಷಿನ ಮೂಲಕ ಮಾತ್ರವಲ್ಲದೆ ಮನೆಯ ಕನ್ನಡದೊಡನೆ ಹೋಲಿಸಿಯೂ ಕಲಿಯಲಿ. ಹಿರಿಯರು ಯಾವ ‘ಸ್ವಲ್ಪ’ಕ್ಕೆ ಕಾಯುತ್ತಾರೆ, ಯಾವ ‘ಸ್ವಲ್ಪ’ಕ್ಕೆ ಎದ್ದು ಬರುತ್ತಾರೆ ಎಂಬುದನ್ನು ಗಮನಿಸಿದವರಿಗೆ ‘ಚೊತ್ತೊ’ವಿನ ಅರ್ಧ ಪಾಠವು ಮನೆಯಲ್ಲಿಯೇ ಆದಂತೆ.