ಬಂಗಡೆಗೆ ಬಾಳೆಲೆಯೇ ಮೇಲು

ನೀರಲ್ಲಿ ನೆನೆಸಿದ ಸೀಡರ್ ಹಲಗೆಯ ಮೇಲೆ ಸಾಲ್ಮನ್ ಸುಡುವುದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಪದ್ಧತಿ. ಕಾರವಾರ, ಅಂಕೋಲಾದ ಬಂಗಡೆಗೆ ಮಾತ್ರ ಹಿತ್ತಲ ಬಾಳೆಲೆಯೇ ಮೇಲು. ಹಲಗೆಯ ಕೆಲಸವೇನು? ನೇರ ಉರಿ ತಡೆಯುವುದು, ಮೀನು ಜಾಲರಿಗೆ ಅಂಟದಂತೆ ಕಾಯುವುದು, ಒಂದಿಷ್ಟು ಹಬೆ ಕೊಡುವುದು. ಇದಿಷ್ಟನ್ನೂ ಬಾಳೆಲೆ ಮಾಡುತ್ತದೆ. ನೀರಿನಂಶ ಇರುವವರೆಗೆ ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಮೇಲಾಗಿ ಮೀನನ್ನು ಸುತ್ತಲೂ ಮುಚ್ಚುವುದರಿಂದ ಬಂಗಡೆಯ ಎಣ್ಣೆ ಕೆಂಡಕ್ಕೆ ಸೋರದೆ ಮಸಾಲೆಯಲ್ಲೇ ಉಳಿಯುತ್ತದೆ. ಎಲೆಯನ್ನು ಮೊದಲು ಉರಿಗೆ ಹಿಡಿದು ಬಾಡಿಸಿ, ಇಲ್ಲದಿದ್ದರೆ ಮಡಿಸುವಾಗ ಸೀಳುತ್ತದೆ. ಮೀನಿನ ಎರಡೂ ಬದಿಗೆ ಗೀರು ಹಾಕಿ, ಒಣಮೆಣಸು, ಅರಿಶಿನ, ಬೆಳ್ಳುಳ್ಳಿ, ಹುಣಸೆಹುಳಿ, ಉಪ್ಪು ಸೇರಿಸಿ ಗಟ್ಟಿಯಾಗಿ ಅರೆದ ಮಸಾಲೆಯನ್ನು ಗೀರಿನೊಳಗೆ ತುಂಬಿ. ಕೆಂಡದ ಮೇಲೆ ಬೂದಿ ಕಟ್ಟಿದ ನಂತರವೇ ಪೊಟ್ಟಣ ಇಡಿ. ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಸಲೀಸಾಗಿ ಬಿಟ್ಟರೆ ಬೆಂದಿದೆ.

ಎಲೆಗೆ ಹೊಗೆಯ ಪರಿಮಳ ಎಲ್ಲಿಂದ ಬರಬೇಕು, ಚರ್ಮ ಗರಿಗರಿ ಆಗುವುದೆಂತು ಎಂದು ಕೇಳುವವರಿದ್ದಾರೆ. ಮಾತು ಸರಿಯೇ. ಅದಕ್ಕೇ ಕೊನೆಗೆ ಕೆಂಡಕ್ಕೆ ಒಂದು ತೆಂಗಿನ ಚಿಪ್ಪು ಹಾಕಿ, ಎಲೆ ಬಿಚ್ಚಿ, ಎರಡು ನಿಮಿಷ ಮೀನನ್ನು ನೇರ ಬಿಸಿಗೆ ಒಡ್ಡಬೇಕು. ಹಲಗೆಯೇ ಬೇಕೆನ್ನುವವರು ಪ್ಲೈವುಡ್ಡನ್ನಾಗಲಿ ಬಣ್ಣ ಬಳಿದ ಮರವನ್ನಾಗಲಿ ಖಂಡಿತ ಮುಟ್ಟಬೇಡಿ. ಕಾದಾಗ ಅಂಟು, ಬಣ್ಣಗಳಿಂದ ಏಳುವ ಹೊಗೆ ವಿಷ, ಅದು ನೇರ ಮೀನಿಗೇ ತಗಲುತ್ತದೆ.