ಹಟ್ಟಿಗೊಬ್ಬರದ ಘಾಟು: ನಂಬಿಕೆಯೂ ನಿಜವೂ

ಹಟ್ಟಿಯ ಬಾಗಿಲಲ್ಲೇ ಮೂಗಿಗೆ ಬಡಿದು ಕಣ್ಣಲ್ಲಿ ನೀರು ತರಿಸುವಷ್ಟು ಘಾಟಿದ್ದರೆ ಗೊಬ್ಬರ ಸತ್ತ್ವಪೂರ್ಣವೆಂಬ ನಂಬಿಕೆ ಕಾರ್ಕಳದ ಅಡಕೆ ತೋಟಗಳಿಂದ ಕಾಪುವಿನ ಕಡಲತಡಿಯ ಹಿತ್ತಿಲುಗಳವರೆಗೆ ಬೇರೂರಿದೆ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ: ಬೆಳೆಗೆ ಸಲ್ಲತಕ್ಕ ಸಾರಜನಕವೇ ಅಮೋನಿಯಾ ಅನಿಲವಾಗಿ ಗಾಳಿಯ ಪಾಲಾಗುತ್ತಿದೆಯೆಂಬುದಕ್ಕೆ ಆ ಘಾಟು ಕುರುಹು.

ಅದು ಸೆಗಣಿಯೊಂದರಿಂದಲೇ ಹುಟ್ಟುವುದೆಂಬ ಮಾತೂ ಸರಿಯಲ್ಲ. ಹಸು ವಿಸರ್ಜಿಸುವ ಸಾರಜನಕದಲ್ಲಿ ಅರ್ಧದಷ್ಟೋ ಅದಕ್ಕೂ ಮಿಗಿಲಾಗಿಯೋ ಗಂಜಳದಲ್ಲಿರುತ್ತದೆ, ಬಹುಪಾಲು ಯೂರಿಯಾ ರೂಪದಲ್ಲಿ. ಸೆಗಣಿಯ ಸೂಕ್ಷ್ಮಜೀವಿಗಳಲ್ಲಿನ ಯೂರಿಯೇಸ್ ಎಂಬ ಕಿಣ್ವ ತಾಗಿದೊಡನೆ ಅದು ಒಡೆಯತೊಡಗುತ್ತದೆ. ಆದುದರಿಂದ ಹಟ್ಟಿಯ ನೆಲಕ್ಕೆ ಇಳಿಜಾರು ಕೊಟ್ಟು, ಗಂಜಳವನ್ನು ಬೇಗನೆ ಮುಚ್ಚಿದ ತೊಟ್ಟಿಗೆ ಹರಿಸುವುದು ಮೊದಲ ಉಪಾಯ.

ನಾತ ಅಡಗಲೆಂದು ಬಚ್ಚಲೊಲೆಯ ಬೂದಿಯನ್ನೋ ಸುಣ್ಣವನ್ನೋ ಗೊಬ್ಬರದ ಗುಂಡಿಗೆ ಎರಚುವವರುಂಟು. ಸದುದ್ದೇಶದಿಂದ ಮಾಡುವ ಹಾನಿಗಳಲ್ಲಿ ಇದಕ್ಕೆ ಅಗ್ರಸ್ಥಾನ ಸಲ್ಲಬೇಕು. ರಸಸಾರ 7ರಲ್ಲಿರುವಾಗ ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ಅನಿಲವಾಗಿರದು, ಉಳಿದುದೆಲ್ಲ ಅಮೋನಿಯಂ ಆಗಿ ದ್ರವದಲ್ಲೇ ತಂಗಿರುತ್ತದೆ. ಕ್ಷಾರ ಬೆರೆತು ರಸಸಾರ 9ಕ್ಕೆ ಏರಿತೆಂದರೆ ಅನಿಲದ ಪಾಲು ನೂರಕ್ಕೆ 30ನ್ನು ಮೀರುತ್ತದೆ, ನಮ್ಮ ಕರಾವಳಿಯ ಸೆಕೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬೂದಿ ಬೇಕಾದದ್ದು ತೆಂಗಿನ ಬುಡಕ್ಕೆ, ಗುಂಡಿಗಲ್ಲ.

1974ರಲ್ಲಿ ಮಣಿಪಾಲದ ಟಿ. ಎ. ಪೈಗಳ ಮುಂದಾಳುತನದಲ್ಲಿ ಕೆನರಾ ಹಾಲು ಒಕ್ಕೂಟ ಮೊದಲಾಗಿ ಹೈನುಗಾರಿಕೆ ಬೆಳೆದಂತೆ, ಹಟ್ಟಿಗಳಿಗೆ ಸಿಮೆಂಟು ನೆಲ ಬಂದಿತು. ಗುಡ್ಡದ ಸೊಪ್ಪು, ತರಗೆಲೆ ಹಾಸುವುದು ಕೊಳಕೆಂಬ ಭಾವನೆಯೂ ಜೊತೆಗೂಡಿತು. ಕೆಚ್ಚಲಿನ ಶುಚಿತ್ವಕ್ಕೆ ತೊಳೆಯುವ ನೆಲವೇ ಲೇಸೆಂಬುದನ್ನು ಅಲ್ಲಗಳೆಯಲಾಗದು. ಆದರೆ ಸೊಪ್ಪು ಗಂಜಳವನ್ನು ಹೀರುತ್ತದೆ; ಅದರ ಇಂಗಾಲವನ್ನುಂಡು ವೃದ್ಧಿಯಾಗುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಮ್ಮ ದೇಹದಲ್ಲಿ ಹಿಡಿದಿಡುತ್ತವೆ. ಹಾಸಲು ಮನಸ್ಸಿಲ್ಲದವರು ಅದೇ ಸೊಪ್ಪನ್ನು ಗುಂಡಿಯಲ್ಲಿ ಸೆಗಣಿಯೊಡನೆ ಪದರಪದರವಾಗಿ ಹರಡಿ ಮೇಲೆ ಮಣ್ಣು ಮುಚ್ಚಬಹುದು.

ಇನ್ನು ಗೋಬರ್ ಗ್ಯಾಸ್. ತೊಟ್ಟಿಯೊಳಗೆ ಹೋದ ಮೇಲೆ ಅಮೋನಿಯಾದ ಚಿಂತೆಯಿಲ್ಲವೆಂಬ ನೆಮ್ಮದಿ ಅಪಕ್ವ. ಅಲ್ಲಿ ಒಲೆಗೆ ಒದಗುವುದು ಮೀಥೇನು. ಸಾರಜನಕವೆಲ್ಲ ಬಗ್ಗಡದಲ್ಲೇ ಉಳಿದು, ಅದರಲ್ಲಿ ಅಮೋನಿಯಂ ಅಂಶ ಹಸಿ ಸೆಗಣಿಗಿಂತ ಅಧಿಕವಾಗಿರುತ್ತದೆ. ಅದನ್ನು ಅಂಗಳದಲ್ಲಿ ಬಿಸಿಲಿಗೆ ಒಣಗಿಸಿದರೆ ಆ ಅಮೋನಿಯಂ ಬಹುಮಟ್ಟಿಗೆ ಅಮೋನಿಯಾ ಆಗಿ ಹಾರಿಹೋಗುತ್ತದೆ. ಬಗ್ಗಡವನ್ನು ನೆರಳಿನ ತೊಟ್ಟಿಯಲ್ಲಿ ಮುಚ್ಚಿಡಿ. ಬಿಸಿಲು ಇಳಿದ ಮೇಲೆ ಮರದ ಬುಡದ ಮಣ್ಣು ಬಿಡಿಸಿ ಸುರಿದು, ಅಂದೇ ಮಣ್ಣೆಳೆದು ಮುಚ್ಚಿ.